ಕಫ ಕೊಟ್ಟು ಮನೆಗೆ ಹೋಗಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಎಲ್ಲರಿಗೂ ಹೌದು. ಆದರೆ ಈ ಮೈಕಿನ ಮುಂದೆ ಕೂತಾಗ ಕಣ್ಣಿಗೆ ಕಟ್ಟುವುದು ಕೆಲವರೇ. ಸಂತೆ ದಿನ ಹೊರಗೆ ಸಾಲು ಬೆಳೆಯುತ್ತಿರುವಾಗ ಒಳಗೆ ಒಬ್ಬರೇ ಕೂತಿರುವ ಡಾಕ್ಟರು. ಚೀಟಿ ಬರೆಯುವುದು, ಬಿಪಿ ನೋಡುವುದು, ಮಾತ್ರೆ ಎಣಿಸಿ ಕೊಡುವುದು ಎಲ್ಲವನ್ನೂ ಒಬ್ಬರೇ ಮಾಡುವ ಸಿಸ್ಟರು. ತೋಟದ ಕೂಲಿಯವರ ಲೈನ್ ಮನೆಗೂ ಬುಡಕಟ್ಟಿನವರ ಹಾಡಿಗೂ ನಡೆದೇ ಹೋಗುವ ಆಶಾ ಕಾರ್ಯಕರ್ತೆ. ತೋಟದಲ್ಲಿ ಕೂಲಿ ಲೆಕ್ಕ ಬರೆಯುವ ರೈಟರು. ನಿಮಗೆ ಹೇಳಬೇಕಾದ್ದು ಒಂದೇ ಮಾತು. ಎರಡು ವಾರ ದಾಟಿದ ಕೆಮ್ಮು ನಿಮ್ಮ ಎದುರು ಬಂದು ಕೂತರೆ ಅದು ಕ್ಷಯ, ಅಂದರೆ ಟಿಬಿ ಇರಬಹುದು, ಆ ಮನುಷ್ಯ ಪರೀಕ್ಷೆಗೆ ಕಫ ಕೊಡದೆ ಮನೆಗೆ ಹೋಗಬಾರದು. ಅವತ್ತೇ, ಅಲ್ಲೇ.

ಎರಡು ವಾರದ ಕೆಮ್ಮು ಮಾತ್ರವಲ್ಲ. ಎರಡು ವಾರದ ಜ್ವರ, ಕಾರಣವಿಲ್ಲದೆ ಇಳಿದ ತೂಕ, ರಾತ್ರಿ ಮೈ ಒದ್ದೆಯಾಗುವ ಬೆವರು, ಕಫದಲ್ಲಿ ರಕ್ತ, ಇವಕ್ಕೂ ಅದೇ ಮಾತು. ಎಚ್‌ಐವಿ ಇರುವವರು, ಮನೆಯಲ್ಲಿ ಕ್ಷಯ ರೋಗಿ ಇರುವವರು ಕೆಮ್ಮಿದರೆ ಎರಡು ವಾರ ಲೆಕ್ಕ ಹಾಕುತ್ತಾ ಕೂರಬೇಡಿ.

'ನಾಳೆ ಬಾ' ಅನ್ನುವುದು ನಮಗೆ ಸುಲಭ. ಕಾಫಿ ಕೊಯ್ಲಿಗೆ ಬಂದವನಿಗೆ ನಾಳೆ ಅಂದರೆ ಒಂದು ದಿನದ ಕೂಲಿ, ಎರಡು ಕಡೆಯ ಬಸ್ ಚಾರ್ಜು. ಅವನು ಬರುವುದು ಮುಂದಿನ ಬಟವಾಡೆ ಆದ ಮೇಲೆ, ಇಲ್ಲವೇ ಬಾಯಲ್ಲಿ ರಕ್ತ ಬಂದ ಮೇಲೆ. ಕೊಯ್ಲು ಮುಗಿದಿದ್ದರೆ ಬರುವುದೇ ಇಲ್ಲ. ಅಷ್ಟರಲ್ಲಿ ಒಂದೇ ಕೋಣೆಯ ಲೈನ್ ಮನೆಯಲ್ಲಿ ಅವನ ಜೊತೆ ಮಲಗುವ ಮಕ್ಕಳ ಕಥೆ ಏನು?

ಇಲ್ಲಿ ಹಳೆಯದೊಂದು ಸಂಗತಿ ಹೇಳಲೇಬೇಕು. ನಮ್ಮ ರಾಜ್ಯದಲ್ಲೇ ನಡೆದದ್ದು, ನಮ್ಮವರೇ ಮರೆತದ್ದು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾದದ್ದು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್‌ಡನ್ ಮಾಲರ್ ಸಹ ಆ ಮೊದಲ ದಿನಗಳಲ್ಲಿ ಅಲ್ಲಿ ಕೆಲಸ ಮಾಡಿದವರು. ಆ ಕಾಲದಲ್ಲಿ ಬಹಳ ಮಂದಿ ಡಾಕ್ಟರುಗಳು ನಂಬಿದ್ದೇನು? ಹಳ್ಳಿಯವನಿಗೆ ತಿಳಿವಳಿಕೆ ಇಲ್ಲ, ಕೆಮ್ಮಿಕೊಂಡು ಮನೆಯಲ್ಲೇ ಬಿದ್ದಿರುತ್ತಾನೆ, ಎಕ್ಸ್‌ರೇ ವ್ಯಾನು ತೆಗೆದುಕೊಂಡು ನಾವೇ ಅವನನ್ನು ಹುಡುಕಿ ಹೋಗಬೇಕು ಅಂತ. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇದನ್ನು ಒರೆಗೆ ಹಚ್ಚಿ ನೋಡಿದರು. ತುಮಕೂರು ಜಿಲ್ಲೆಯ ಹಳ್ಳಿಗಳ ಸಮೀಕ್ಷೆಯಲ್ಲಿ ಕ್ಷಯ ಕಂಡುಬಂದವರ ಮನೆಗೇ ಹೋಗಿ ಮಾತಾಡಿಸುವ ಏರ್ಪಾಡು ಮಾಡಿದರು. ಕೆಮ್ಮು ಇದೆಯಾ? ಯಾವಾಗಿನಿಂದ? ಚಿಂತೆ ಆಯಿತಾ? ಅದಕ್ಕೆ ಏನು ಮಾಡಿದಿರಿ?

ಬಂದ ಉತ್ತರ ಎಲ್ಲರ ಬಾಯಿ ಕಟ್ಟಿಸಿತು. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ ಗೊತ್ತೇ ಇತ್ತು. ಬಹುಪಾಲು ಜನ ಅದರ ಬಗ್ಗೆ ಚಿಂತೆ ಮಾಡಿದ್ದರು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದಿದ್ದರು! ಅಲ್ಲಿ ಅವರಿಗೆ ಸಿಕ್ಕಿದ್ದೇನು? ಒಂದು ಸೀಸೆ ಕೆಮ್ಮಿನ ಮಿಕ್ಸ್ಚರು. ರೋಗಿ ಬಂದಿದ್ದ. ಕಫ ಕೇಳಿದವರೇ ಇರಲಿಲ್ಲ. 1963ರಲ್ಲಿ ಈ ವರದಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಿನಲ್ಲಿ ಅಚ್ಚಾಯಿತು. ಬರೀ ಎಕ್ಸ್‌ರೇ ವ್ಯಾನು ನೆಚ್ಚಿಕೊಳ್ಳದೆ, ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ನೋಡಬೇಕು ಎಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಕಟ್ಟಿದ್ದರ ಹಿಂದೆ ಇದೇ ತಿಳಿವಳಿಕೆ ಇತ್ತು. ಅರವತ್ತು ವರ್ಷ ದಾಟಿತು. ಮಿಕ್ಸ್ಚರು ಹೋಗಿ ಸಿರಪ್ ಬಂದಿದೆ, ಸೀಸೆ ಪ್ಲಾಸ್ಟಿಕ್ ಆಗಿದೆ. ಬೇಸರ ಮಾಡಿಕೊಳ್ಳಬೇಡಿ, ಎಷ್ಟೋ ಒಪಿಡಿಗಳಲ್ಲಿ ಬದಲಾದದ್ದು ಅಷ್ಟೇ.

ಸಿರಪ್ ಜೊತೆ ಲೀವೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯನ್ನೂ ಬರೆದರೆ ಇನ್ನೂ ಕಷ್ಟ. ಆ ಮಾತ್ರೆ ಕ್ಷಯದ ಕ್ರಿಮಿಯನ್ನು ಕೊಂಚ ಹೊತ್ತು ಅದುಮಿ ಹಿಡಿಯುತ್ತದೆ. ರೋಗಿಗೆ ಹಾಯೆನಿಸುತ್ತದೆ, ಕಫದಲ್ಲಿ ಕ್ರಿಮಿ ಅಡಗುತ್ತದೆ, ಪತ್ತೆ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತದೆ. ಮೊದಲು ಕಫ, ಆಮೇಲೆ ಔಷಧಿ.

ಸರಿ, ಕಫ ತೆಗೆಯುವುದು ಹೇಗೆ? ದೊಡ್ಡ ಮೆಷಿನ್ನಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ. ಪರೀಕ್ಷೆ ಕೆಡುವುದು ಬಹಳ ಸಲ ಇಲ್ಲೇ.

ಡಬ್ಬಿ ಕೈಗಿಟ್ಟು 'ಉಗುಳಿ ತನ್ನಿ' ಅಂದರೆ ಬರುವುದು ಎಂಜಲು. ತಪ್ಪು ಅವರದ್ದಲ್ಲ, ನಾವು ಕೇಳಿದ್ದೇ ಅದನ್ನು. 'ಎದೆಯಿಂದ ಕೆಮ್ಮಿ ತೆಗೆದ ಕಫ ಬೇಕು' ಅನ್ನಿ. ಅಸ್ಸಾಮಿನಿಂದ ಬಂದವರಿಗೆ ನಮ್ಮ ಕನ್ನಡ ಅರ್ಥವಾಗದಿದ್ದರೆ ಎದೆ ಮುಟ್ಟಿ, ಉಸಿರೆಳೆದು ಮಾಡಿ ತೋರಿಸಿ. ಮೊದಲು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಲಿ. ಎಲೆ ಅಡಿಕೆ ಹಾಕಿದ್ದರೆ ಚೆನ್ನಾಗಿ ತೊಳೆಯಲಿ, ಆ ಕೆಂಪು ರಸವೂ ಅಡಿಕೆ ಚೂರೂ ಡಬ್ಬಿಗೆ ಬಿದ್ದರೆ ಪರೀಕ್ಷೆ ಎಡವಟ್ಟಾಗುತ್ತದೆ. ಆಮೇಲೆ ಉಸಿರನ್ನು ಆಳವಾಗಿ ಎಳೆದು, ತುಸು ಹಿಡಿದು, ಬಿಡಲಿ. ಇನ್ನೊಮ್ಮೆ ಹಾಗೆಯೇ. ಮೂರನೇ ಸಲ ಎಳೆದು ಜೋರಾಗಿ ಕೆಮ್ಮಲಿ, ಡಬ್ಬಿಯನ್ನು ತುಟಿಗೆ ಹತ್ತಿರ ಹಿಡಿಯಲಿ. 2ರಿಂದ 5 ಮಿಲಿ ಬೇಕು. ಗಟ್ಟಿ, ಅಂಟಂಟು, ಹಳದಿ ಇದ್ದರೆ ಒಳ್ಳೆಯದು. ನೀರಿನಂತೆ ತೆಳ್ಳಗೆ, ನೊರೆನೊರೆಯಾಗಿದ್ದರೆ ಬೈಯದೆ ಇನ್ನೊಮ್ಮೆ ಕೇಳಿ.

ಜಾಗ ಬಯಲೇ ಆಗಬೇಕು. ಶೌಚಾಲಯದಲ್ಲಿ ಬೇಡ, ಇಂಜೆಕ್ಷನ್ ರೂಮಿನಲ್ಲಿ ಬೇಡವೇ ಬೇಡ. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಎಲ್ಲಿಗೆ ಹೋಗುವುದು ಅಂತೀರಿ. ಗಾಳಿಯಾಡುವ ಜಗಲಿಯ ತುದಿ ಸಾಕು. ಗಾಳಿ ನಿಮ್ಮ ಬೆನ್ನ ಕಡೆಯಿಂದ ಅವರ ಕಡೆಗೆ ಬೀಸುವಂತೆ ನಿಂತುಕೊಳ್ಳಿ. ಹೆಸರು, ನಂಬರು ಡಬ್ಬಿಯ ಮೈಮೇಲೆ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾದಾಗ ಒಬ್ಬರ ರೋಗ ಇನ್ನೊಬ್ಬರಿಗೆ ಅಂಟುತ್ತದೆ, ಅದೂ ಕಾಗದದ ಮೇಲೆ. ಎರಡನೆಯ ಡಬ್ಬಿಯನ್ನು ಕೈಗೆ ಕೊಟ್ಟು ಕಳಿಸಿ, ಮಾರನೆ ಬೆಳಿಗ್ಗೆ ಎದ್ದ ಕೂಡಲೇ ತೆಗೆದ ಕಫಕ್ಕೆ. ಅದನ್ನು ಆಶಾ ತರಲಿ. ಆದರೆ ಮೊದಲನೆಯದು ಅವತ್ತೇ, ಅಲ್ಲೇ.

ಈಗ ಮೆಷಿನ್ನು. ಸೂಕ್ಷ್ಮದರ್ಶಕದಲ್ಲಿ ಕ್ರಿಮಿ ಕಾಣಬೇಕಾದರೆ ಒಂದು ಮಿಲಿ ಕಫದಲ್ಲಿ ಐದರಿಂದ ಹತ್ತು ಸಾವಿರ ಇರಬೇಕು. ಕ್ರಿಮಿಯ ಡಿಎನ್‌ಎ ಹುಡುಕುವ ಟ್ರೂನ್ಯಾಟ್‌ಗೆ ನೂರರ ಆಸುಪಾಸು ಇದ್ದರೂ ಸಾಕು. ಇದು ಗೋವಾದಲ್ಲಿ ತಯಾರಾದ ಯಂತ್ರ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು. ಇಂಥದೇ ಇನ್ನೊಂದು ಯಂತ್ರವಾದ ಸಿಬಿನ್ಯಾಟ್‌ಗೆ ತಂಪು ಕೋಣೆ, ನಿಂತು ಹೋಗದ ಕರೆಂಟು ಬೇಕು. ಟ್ರೂನ್ಯಾಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಒಂದು ಮೇಜು ಸಾಕು. ಮರ ಬಿದ್ದು ಲೈನು ಹೋಗುವ ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ಒಂದೇ ಶರತ್ತು, ರಾತ್ರಿ ಚಾರ್ಜಿಗೆ ಹಾಕಲು ಮರೆಯಬೇಡಿ.

ಡಬ್ಬಿಯ ಕಫಕ್ಕೆ ಕರಗಿಸುವ ದ್ರಾವಣ ಎರಡು ಹನಿ ಹಾಕಿ, ಮೆಲ್ಲಗೆ ಸುತ್ತಿಸಿ ಹತ್ತು ನಿಮಿಷ ಬಿಡಿ. ಅದರಿಂದ ಅರ್ಧ ಮಿಲಿ ತೆಗೆದು ಕ್ರಿಮಿಯನ್ನು ಒಡೆಯುವ ಲೈಸಿಸ್ ದ್ರಾವಣದ ಬಾಟಲಿಗೆ ಹಾಕಿ, ಮತ್ತೆರಡು ಹನಿ, ಸುಮಾರು ಐದು ನಿಮಿಷ. ತಿಳಿಯಾಗಲೇಬೇಕು, ಆಮೇಲೆಯೇ ಅದು ಯಂತ್ರದಲ್ಲಿ ಕೂರುವ ಕಾರ್ಟ್ರಿಡ್ಜಿಗೆ. ಹೊರಗೆ ಜನ ಕೂಗುತ್ತಿದ್ದಾರೆ ಎಂದು ಅವಸರಪಟ್ಟು ಲೋಳೆಯನ್ನೇ ಕಾರ್ಟ್ರಿಡ್ಜಿಗೆ ಸುರಿದರೆ ಅದು ಕಟ್ಟಿಕೊಳ್ಳುತ್ತದೆ, ಯಂತ್ರ ಎರರ್ ತೋರಿಸುತ್ತದೆ, ಐದು ನಿಮಿಷ ಉಳಿಸಲು ಹೋಗಿ ಕಾರ್ಟ್ರಿಡ್ಜೂ ಹೋಯಿತು, ಗಂಟೆಯೂ ಹೋಯಿತು. ಯಂತ್ರದ ಎರಡು ಪೆಟ್ಟಿಗೆಗಳಲ್ಲಿ ಮೊದಲನೆಯದು ಸುಮಾರು ಇಪ್ಪತ್ತು ನಿಮಿಷದಲ್ಲಿ ಕ್ರಿಮಿಯ ಡಿಎನ್‌ಎ ಬಿಡಿಸಿ ಕೊಡುತ್ತದೆ. ಅದರಿಂದ 6 ಮೈಕ್ರೋಲೀಟರ್ ಪುಟ್ಟ ಟ್ಯೂಬಿಗೆ, ಒಳಗಿನ ಪುಡಿ ಕರಗಿದ ಮೇಲೆ 6 ಮೈಕ್ರೋಲೀಟರ್ ಪರೀಕ್ಷೆ ನಡೆಯುವ ಪುಟ್ಟ ಚಿಪ್ಪಿನ (ಚಿಪ್) ಬಿಳಿ ಗುಂಡಿಗೆ. ಗುಳ್ಳೆ ಬರಬಾರದು, ಅಂಚಿಗೆ ಚೆಲ್ಲಬಾರದು. ಆ ಚಿಪ್ಪನ್ನು ಎರಡನೇ ಪೆಟ್ಟಿಗೆಗೆ ಹಾಕಿದರೆ ಮುಕ್ಕಾಲು ಗಂಟೆಯೊಳಗೆ ಉತ್ತರ. ಚಿಪ್ಪಿನ ಪೊಟ್ಟಣವನ್ನು ಹಾಕುವ ಗಳಿಗೆಯಲ್ಲೇ ಹರಿಯಿರಿ. ಬೆಳಿಗ್ಗೆಯೇ ಹತ್ತು ಪೊಟ್ಟಣ ಹರಿದು ಜೋಡಿಸಿಟ್ಟರೆ ನಮ್ಮ ಮಳೆಗಾಲದ ತೇವ ಅದನ್ನು ಹಾಳು ಮಾಡುತ್ತದೆ. ಒಳಗಿರುವ ತೇವ ಹೀರುವ ಚೀಲದ ಬಣ್ಣ ಬದಲಾಗಿದ್ದರೆ ಆ ಚಿಪ್ಪು ಬಳಸಬೇಡಿ.

ಕ್ಷಯ ಇದೆ ಎಂದು ಬಂದರೆ ಅದೇ ಡಿಎನ್‌ಎ ದ್ರವದಿಂದ ಎರಡನೇ ಚಿಪ್ಪು ಹಾಕಿ, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್ನಿಗೆ ಕ್ರಿಮಿ ಬಗ್ಗುತ್ತದೋ ಇಲ್ಲವೋ ನೋಡಿ. 'ಇನ್ವ್ಯಾಲಿಡ್' ಎಂದು ಬಂದರೆ ಅದು ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಿಲ್ಲ ಎಂದರ್ಥ, ಮತ್ತೆ ಮಾಡಿ. ನೆಗೆಟಿವ್ ಬಂದು ರೋಗಿ ಮಾತ್ರ ಸೊರಗುತ್ತಲೇ ಇದ್ದರೆ ಎಕ್ಸ್‌ರೇಗೆ ಕಳಿಸಿ.

ಮೆಷಿನ್ನು ಇಲ್ಲವೇ? ಆಗಲೂ ಪಯಣ ಮಾಡಬೇಕಾದ್ದು ಕಫ, ರೋಗಿಯಲ್ಲ. ಮುಚ್ಚಳ ಬಿಗಿ ಮಾಡಿ, ಐಸ್‌ಪ್ಯಾಕ್ ಇಟ್ಟ ಡಬ್ಬದಲ್ಲಿ, ಪರೀಕ್ಷೆಯ ಅರ್ಜಿ ಬೇರೆ ಕವರಿನಲ್ಲಿ, ಅವತ್ತೇ ಕಳಿಸಿ. ಕಳಿಸಲಾಗದಿದ್ದರೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ.

ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಓಡಿಸುತ್ತೇನೆ. 'ರಕ್ತ ಪರೀಕ್ಷೆ ಮಾಡಿಬಿಡಿ ಡಾಕ್ಟ್ರೇ' ಎಂದು ಕೇಳುವವರು ಇನ್ನೂ ಇದ್ದಾರೆ. ಕ್ಷಯ ರೋಗ ಪತ್ತೆಗೆ ರಕ್ತದಲ್ಲಿ ಪ್ರತಿಕಾಯ ನೋಡುವ ಕಿಟ್‌ಗಳನ್ನು 2012ರಲ್ಲೇ ನಮ್ಮ ದೇಶದಲ್ಲಿ ನಿಷೇಧಿಸಿದ್ದಾರೆ, ಆ ದುಡ್ಡು ನೀರಿಗೆ ಹಾಕಿದಂತೆ. ಮೂತ್ರದ ಪಟ್ಟಿ ಪರೀಕ್ಷೆ ಇದೆ, 25 ನಿಮಿಷದ್ದು, ಆದರೆ ಅದು ಎಚ್‌ಐವಿ ಇರುವವರಿಗೆ. ಚಿಕಿತ್ಸೆ ನಡೆಯುವಾಗ ವಾಸಿಯಾಯಿತಾ ನೋಡಲು ಟ್ರೂನ್ಯಾಟ್ ಹಾಕಬೇಡಿ, ಅದು ಸತ್ತ ಕ್ರಿಮಿಯನ್ನೂ ಎಣಿಸುತ್ತದೆ. ಅದಕ್ಕೆ ಹಳೆಯ ಸೂಕ್ಷ್ಮದರ್ಶಕವೇ ಸರಿ. ಖಾಸಗಿ ಕ್ಲಿನಿಕ್ಕಿನವರೇ, ನೀವು ಪತ್ತೆ ಮಾಡಿದ ಕ್ಷಯವನ್ನೂ ಸರ್ಕಾರಕ್ಕೆ ತಿಳಿಸಬೇಕು, ಅದೂ 2012ರಿಂದಲೇ ಇರುವ ನಿಯಮ. ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ಸಿಗುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1000 ಆಗಿದೆ. ಬ್ಯಾಂಕ್ ಖಾತೆ ನಂಬರು ಅವತ್ತೇ ಬರೆದುಕೊಳ್ಳಿ.

ಕೊನೆಯದು, ಫೋನ್ ನಂಬರು. ನೆಟ್‌ವರ್ಕ್ ಸಿಗದ ಲೈನ್ ಮನೆಯವರ ಒಂದೇ ನಂಬರು ನಂಬಿ ಕೂತರೆ ಫಲಿತಾಂಶ ನಿಮ್ಮ ಮೇಜಿನ ಮೇಲೇ ಉಳಿಯುತ್ತದೆ. ಎರಡು ನಂಬರು ಬರೆದುಕೊಳ್ಳಿ. ಎರಡನೆಯದು ತೋಟದ ರೈಟರದ್ದಾದರೆ, 'ನಾಳೆ ಇವರನ್ನು ಆಸ್ಪತ್ರೆಗೆ ಕಳಿಸಿ' ಎಂದಷ್ಟೇ ಹೇಳಿ, ರೋಗದ ಹೆಸರು ಹೇಳಬೇಡಿ. ರೈಟರೇ, ನೀವೂ ಕೇಳಬೇಡಿ, ಕೂಲಿ ಮುರಿಯದೆ ಕಳಿಸಿಕೊಡಿ.

ನಮಸ್ಕಾರ.