ಎರಡು ದೀಪಗಳ ಸರದಿ ತಪ್ಪಿದಾಗ

ಕೇಳುಗರಿಗೆ ನಮಸ್ಕಾರ. ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನದ ದಿನಗಳು ಹತ್ತಿರವಾದಂತೆ ನಮ್ಮ ಮನೆಯ ಊಟದ ಮೇಜಿನ ಮೇಲೆ, ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ರಂಧ್ರಗಳಿಗೆ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡುಗಳು ಬಂದು ಕೂರುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು: ಸ್ವಿಚ್ಚಿನಂತೆ ಕೆಲಸ ಮಾಡುವ ಎರಡು ಟ್ರಾನ್ಸಿಸ್ಟರುಗಳ ನೆರವಿನಿಂದ ಎರಡು ಎಲ್‌ಇಡಿ ದೀಪಗಳು ಸರದಿಯ ಮೇಲೆ ಹತ್ತಿ ಆರಬೇಕು. ಕಳೆದ ಬಾರಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಂದ ಬೋರ್ಡಿನಲ್ಲಿ ಎರಡೂ ದೀಪಗಳು ಒಟ್ಟಿಗೆ ಉರಿಯುತ್ತಿದ್ದವು, ಒಂದೂ ಆರುತ್ತಿರಲಿಲ್ಲ. ‘ಸರ್, ಎರಡೂ ಟ್ರಾನ್ಸಿಸ್ಟರ್ ಬದಲಾಯಿಸಿದೆ, ಆದರೂ ಹೀಗೇ ಇದೆ’ ಎಂದಳು. ದೋಷ ಕಂಡೊಡನೆ ಬಿಡಿಭಾಗ ಬದಲಾಯಿಸುವುದು ಎಲ್ಲರೂ ಮಾಡುವ ಕೆಲಸ. ಆದರೆ ದೀಪಗಳು ಯಾವ ಸ್ಥಿತಿಯಲ್ಲಿ ಸಿಕ್ಕಿಬಿದ್ದಿವೆ ಎಂಬುದೇ ದೋಷ ಎಲ್ಲಿದೆ ಎಂದು ಹೇಳುತ್ತಿರುತ್ತದೆ. ಅದನ್ನು ಓದಲು ಈ ವಿದ್ಯುತ್ ಮಂಡಲ ಹೇಗೆ ನಡೆಯುತ್ತದೆ ಎಂದು ತಿಳಿದಿರಬೇಕು.

ರೇಡಿಯೊದಲ್ಲಿ ಚಿತ್ರ ಬರೆದು ತೋರಿಸಲಾಗದು, ಆದ್ದರಿಂದ ಮಾತಿನಲ್ಲೇ ಕಟ್ಟುತ್ತೇನೆ. ಟ್ರಾನ್ಸಿಸ್ಟರಿಗೆ ಮೂರು ಕಾಲು: ಬೇಸಿಗೆ ಸಣ್ಣ ಕರೆಂಟು ಕೊಟ್ಟರೆ ಕಲೆಕ್ಟರಿನಿಂದ ಎಮಿಟರಿಗೆ ದೊಡ್ಡ ಕರೆಂಟು ಹರಿಯುತ್ತದೆ. ಬಿಸಿ 547 ಎಂಬ ಎರಡು ಟ್ರಾನ್ಸಿಸ್ಟರುಗಳ ಎಮಿಟರ್ ಕಾಲುಗಳು ಬ್ಯಾಟರಿಯ ಋಣ ತುದಿಗೆ ಸೇರಿವೆ. ಪ್ರತಿಯೊಂದರ ಕಲೆಕ್ಟರಿನಿಂದ ಒಂದು ಎಲ್‌ಇಡಿ ಮತ್ತು 470 ಓಮ್ ರೆಸಿಸ್ಟರ್ ಹಾದು ಧನ ತುದಿಗೆ ಹೋಗುತ್ತವೆ. ಪ್ರತಿಯೊಂದರ ಬೇಸಿಗೂ ಧನ ತುದಿಯಿಂದ 47 ಕಿಲೋ ಓಮ್ ರೆಸಿಸ್ಟರ್ ಬರುತ್ತದೆ. ಇನ್ನು ಉಳಿದದ್ದು ವಿದ್ಯುದಾವೇಶವನ್ನು ತುಂಬಿಟ್ಟುಕೊಳ್ಳುವ, 10 ಮೈಕ್ರೊಫ್ಯಾರಡಿನ ಎರಡು ಕೆಪಾಸಿಟರುಗಳು. ಅವು ಒಂದರ ಕಲೆಕ್ಟರನ್ನು ಇನ್ನೊಂದರ ಬೇಸಿಗೆ ಅಡ್ಡಡ್ಡವಾಗಿ ಜೋಡಿಸುತ್ತವೆ. ಒಂದೇ ಒರಳಿನಲ್ಲಿ ಇಬ್ಬರು ಒನಕೆ ಹಾಕುವಾಗ ಒಬ್ಬರದು ಬಿದ್ದಾಗ ಇನ್ನೊಬ್ಬರದು ಏಳುತ್ತದಲ್ಲ, ಇಲ್ಲಿಯೂ ಹಾಗೆಯೇ. ಒಂದು ಟ್ರಾನ್ಸಿಸ್ಟರ್ ವಾಹಕವಾದ ಕ್ಷಣದಲ್ಲಿ ಅದರ ಕಲೆಕ್ಟರಿನ ವೋಲ್ಟೇಜು ಕುಸಿಯುತ್ತದೆ. ತುಂಬಿದ್ದ ಕೆಪಾಸಿಟರ್ ಆ ಕುಸಿತವನ್ನು ಎದುರಿನ ಬೇಸಿಗೆ ದಾಟಿಸಿ ಅದನ್ನು ಸೊನ್ನೆಗಿಂತಲೂ ಕೆಳಗೆ ತಳ್ಳುತ್ತದೆ. 47 ಕಿಲೋ ಓಮಿನ ಮೂಲಕ ಆ ಬೇಸು ಮೆಲ್ಲಗೆ ಮೇಲೇರಿ 0.6 ವೋಲ್ಟ್ ಮುಟ್ಟುವವರೆಗೆ ಎದುರಿನ ದೀಪ ಆರಿರುತ್ತದೆ. ಈ ಬೆಲೆಗಳಿಗೆ ಆ ಅವಧಿ ಸೆಕೆಂಡಿನ ಮೂರನೇ ಒಂದು ಭಾಗದ ಆಸುಪಾಸು. ಇದರ ಮೂಲ ವಿನ್ಯಾಸ ಫ್ರಾನ್ಸಿನ ಅಬ್ರಹಾಂ ಮತ್ತು ಬ್ಲಾಕ್ ಎಂಬ ಭೌತವಿಜ್ಞಾನಿಗಳದು; 1919ರಲ್ಲಿ ಅವರು ಪ್ರಕಟಿಸಿದಾಗ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ, ನಿರ್ವಾತ ಕೊಳವೆಗಳಿದ್ದವು.

ಹಾಗಾದರೆ ಎರಡೂ ದೀಪ ಒಟ್ಟಿಗೆ ಉರಿದರೆ ಏನರ್ಥ? ಮೊದಲು ಅವು ನಿಜವಾಗಿಯೂ ಉರಿಯುತ್ತಲೇ ಇವೆಯೇ ಎಂದು ನೋಡಬೇಕು. 10 ಮೈಕ್ರೊಫ್ಯಾರಡಿನ ಬದಲು 104 ಎಂದು ಮುದ್ರಿಸಿದ ಪುಟ್ಟ ಕೆಪಾಸಿಟರನ್ನು ಹಾಕಿದ್ದರೆ, ಅದು 0.1 ಮೈಕ್ರೊಫ್ಯಾರಡ್ ಆಗಿರುವುದರಿಂದ ದೀಪಗಳು ಸೆಕೆಂಡಿಗೆ ಸುಮಾರು 150 ಸಲ ಮಿನುಗುತ್ತವೆ, ಕಣ್ಣಿಗೆ ಮಾತ್ರ ನಿಂತ ಬೆಳಕಾಗಿ ಕಾಣುತ್ತವೆ. ಇದಕ್ಕೆ ಉಪಕರಣವೇ ಬೇಡ. ಕತ್ತಲೆ ಕೋಣೆಯಲ್ಲಿ ಬೋರ್ಡನ್ನು ಹಿಡಿದು ಬೇಗಬೇಗನೆ ಅತ್ತಿತ್ತ ಬೀಸಿದರೆ ಮಿನುಗುವ ದೀಪ ತುಂಡು ತುಂಡು ಗೆರೆ ಎಳೆಯುತ್ತದೆ, ನಿಂತ ದೀಪ ಅಖಂಡ ಗೆರೆ ಎಳೆಯುತ್ತದೆ. ಆ ಹುಡುಗಿಯ ಬೋರ್ಡು ಎಳೆದದ್ದು ಅಖಂಡ ಗೆರೆ.

ಆಮೇಲೆ ಮಲ್ಟಿಮೀಟರ್ ಹಿಡಿದೆವು. ಕಪ್ಪು ತಂತಿಯನ್ನು ಋಣ ತುದಿಗಿಟ್ಟು ಅಳೆದಾಗ ಎರಡೂ ಬೇಸುಗಳಲ್ಲಿ 0.7 ವೋಲ್ಟ್, ಎರಡೂ ಕಲೆಕ್ಟರುಗಳಲ್ಲಿ 0.1 ವೋಲ್ಟ್ ಸಿಕ್ಕಿತು. ಇದು ಟ್ರಾನ್ಸಿಸ್ಟರುಗಳು ಆರೋಗ್ಯವಾಗಿವೆ ಎಂಬುದಕ್ಕೆ ಸಾಕ್ಷಿಯೇ ಹೊರತು ಕೆಟ್ಟಿವೆ ಎಂಬುದಕ್ಕಲ್ಲ. ಎರಡೂ ತಮ್ಮ ಬೇಸ್ ರೆಸಿಸ್ಟರಿನ ಮಾತು ಕೇಳಿ ವಾಹಕವಾಗಿವೆ, ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪುತ್ತಿಲ್ಲ. ಸುದ್ದಿ ಒಯ್ಯುವುದು ಕೆಪಾಸಿಟರ್ ತಾನೇ? ಬ್ರೆಡ್‌ಬೋರ್ಡಿನಲ್ಲಿ ಐದೈದು ರಂಧ್ರಗಳ ಸಾಲುಗಳು ಒಳಗೊಳಗೇ ಜೋಡಣೆಗೊಂಡಿರುತ್ತವೆ. ಒಂದು ಕೆಪಾಸಿಟರಿನ ಕಾಲು ಪಕ್ಕದ ಸಾಲಿನಲ್ಲಿ ಕೂತಿತ್ತು. ಎರಡರಲ್ಲಿ ಒಂದು ಕೆಪಾಸಿಟರ್ ಕೈಕೊಟ್ಟರೂ ಇಡೀ ಚಕ್ರ ನಿಲ್ಲುತ್ತದೆ. ಕಾಲನ್ನು ಒಂದು ರಂಧ್ರ ಸರಿಸಿದ್ದೇ ತಡ, ದೀಪಗಳು ಸರದಿ ಹಿಡಿದವು. ಹಾಳಾದದ್ದು ಅವಳು ಕಿತ್ತೆಸೆದ ಎರಡು ಒಳ್ಳೆಯ ಟ್ರಾನ್ಸಿಸ್ಟರುಗಳು ಮಾತ್ರ.

ಒಂದು ದೀಪ ಸದಾ ಉರಿದು ಇನ್ನೊಂದು ಸದಾ ಆರಿದ್ದರೆ ಆರಿದ ಕಡೆಯನ್ನು ನೋಡಿ. ಅಲ್ಲಿ ಎಲ್‌ಇಡಿ ತಿರುಗುಮುರುಗಾಗಿದ್ದರೆ ಆ ದೀಪವಷ್ಟೇ ಕೆಡುವುದಿಲ್ಲ. ಆ ಬದಿಯ ಕೆಪಾಸಿಟರ್ ತುಂಬುವ ದಾರಿಯೂ ಅದೇ ಆದ್ದರಿಂದ ಆಟವೇ ನಿಲ್ಲುತ್ತದೆ. ಎಲ್‌ಇಡಿಯ ಉದ್ದ ಕಾಲು ಧನ ತುದಿಯ ಕಡೆಗಿರಬೇಕು. ಎಲೆಕ್ಟ್ರೊಲಿಟಿಕ್, ಎಂದರೆ ಧನ ಋಣ ಕಾಲುಗಳ ಭೇದವಿರುವ, ಕೆಪಾಸಿಟರಿನ ಧನ ಕಾಲು ಕಲೆಕ್ಟರಿಗೆ, ಪಟ್ಟಿ ಬಳಿದಿರುವ ಋಣ ಕಾಲು ಬೇಸಿಗೆ ಹೋಗಬೇಕು. ಅದಲುಬದಲಾದರೆ ಅದು ಒಳಗೇ ಸೋರಿ ಎದುರಿನ ಟ್ರಾನ್ಸಿಸ್ಟರನ್ನು ಆರಲು ಬಿಡುವುದಿಲ್ಲ. ಬಿಸಿ 547ರ ಚಪ್ಪಟೆ ಮುಖವನ್ನು ನಮ್ಮತ್ತ ಹಿಡಿದು ಕಾಲು ಕೆಳಗೆ ಮಾಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅದರ ಬದಲು 2ಎನ್ 3904 ಕೊಟ್ಟರೆ ಅದೂ ನಡೆಯುತ್ತದೆ, ಆದರೆ ಅದರ ಕಾಲುಗಳ ಕ್ರಮ ಇದಕ್ಕೆ ತದ್ವಿರುದ್ಧ.

ದೀಪಗಳು ಕಂಡೂ ಕಾಣದಷ್ಟು ಮಂಕಾಗಿದ್ದರೆ ರೆಸಿಸ್ಟರಿನ ಬಣ್ಣ ಓದಿ. 470 ಓಮಿಗೆ ಹಳದಿ, ನೇರಳೆ, ಕಂದು. 47 ಕಿಲೋ ಓಮಿಗೆ ಹಳದಿ, ನೇರಳೆ, ಕಿತ್ತಳೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಂದು, ಕಿತ್ತಳೆಗಳ ಭೇದ ನನ್ನ ಕಣ್ಣಿಗೂ ತಿಳಿಯುವುದಿಲ್ಲ. ಅನುಮಾನ ಬಂದರೆ ಅಳೆದೇ ಹಾಕಿ.

ಬ್ಯಾಟರಿಯ ವಿಚಾರಕ್ಕೆ ಬಂದರೆ, ನಾನು 9 ವೋಲ್ಟಿನ ಚೌಕ ಬ್ಯಾಟರಿಗಿಂತ ನಾಲ್ಕು ಪೆನ್ಸಿಲ್ ಸೆಲ್ಲುಗಳ 6 ವೋಲ್ಟನ್ನೇ ಇಷ್ಟಪಡುತ್ತೇನೆ. ಬಿಸಿ 547ರ ಬೇಸನ್ನು ಎಮಿಟರಿಗಿಂತ ಕೆಳಗೆ ತಳ್ಳಲು 6 ವೋಲ್ಟೇ ಮಿತಿ; 9 ವೋಲ್ಟಿನಲ್ಲಿ ಪ್ರತಿ ಬಡಿತಕ್ಕೂ ಆ ಮಿತಿಯ ಅಂಚಿಗೆ ಹೋಗಿಬರುತ್ತೇವೆ.

ಎಲ್ಲವೂ ಸರಿಯಿದ್ದು, ಸ್ವಿಚ್ ಹಾಕಿದಾಗ ಎರಡೂ ದೀಪ ಹತ್ತಿ ನಿಂತುಬಿಡುವುದೂ ಅಪರೂಪಕ್ಕೆ ಉಂಟು. ವೋಲ್ಟೇಜು ನಿಧಾನವಾಗಿ ಏರಿದಾಗ ಎರಡು ಬದಿಗಳೂ ಒಟ್ಟಿಗೇ ವಾಹಕವಾಗಿ, ಯಾರು ಮೊದಲು ಎಂಬುದು ತೀರ್ಮಾನವಾಗದೆ ಹೀಗಾಗುತ್ತದೆ. ಒಂದು ತುಂಡು ತಂತಿಯಿಂದ ಯಾವುದಾದರೊಂದು ಬೇಸನ್ನು ಋಣ ತುದಿಗೆ ಒಂದು ಕ್ಷಣ ಮುಟ್ಟಿಸಿ ಬಿಡಿ. ಸರದಿ ಅಲ್ಲಿಂದ ಶುರುವಾಗುತ್ತದೆ. ನಮಸ್ಕಾರ.