ಪುರಾಣ ಬಿಚ್ಚುವುದು, ಭಾಷಣ ಬಿಗಿಯುವುದು

ಮಾನ್ಯರೇ,

ನೀತಿಯ ಮಾತು ಹೇಳುವುದಕ್ಕೂ, ಹೇಳಿ ಹೇಳಿ ಜೀವ ಕಳೆದುಕೊಂಡ ಮಾತಿಗೂ ಕನ್ನಡದಲ್ಲಿರುವ ಹೆಸರುಗಳನ್ನೆಲ್ಲ ಪಟ್ಟಿ ಮಾಡಲು ಕುಳಿತರೆ ಈ ಸಂಜೆ ಸಾಲದು. ಆ ಕೆಲಸವನ್ನು ನಿಘಂಟುಗಳಿಗೆ ಬಿಟ್ಟು, ಆ ಹೆಸರುಗಳು ಬಳಕೆಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನಷ್ಟೇ ನೋಡೋಣ. ನನಗೆ ಕಂಡಂತೆ, ಉಪದೇಶದ ಬಗ್ಗೆ ನಮ್ಮ ಜನಕ್ಕಿರುವ ಬೇಸರವೆಲ್ಲ ಬಹುಮಟ್ಟಿಗೆ ಕ್ರಿಯಾಪದಗಳಲ್ಲಿ ಅಡಗಿ ಕುಳಿತಿದೆ.

ಪುರಾಣ, ಹರಿಕಥೆ, ವೇದಾಂತ, ಪ್ರವಚನ, ಭಾಷಣ ಇವೆಲ್ಲವೂ ಗೌರವದ ಶಬ್ದಗಳೇ. ಪುರಾಣವನ್ನು ಓದಿಸುತ್ತೇವೆ, ಭಕ್ತಿಯಿಂದ ಕೇಳುತ್ತೇವೆ. ಅದನ್ನೇ ಯಾರಾದರೂ ಬಿಚ್ಚತೊಡಗಿದರೆ ಎದ್ದುಹೋಗಲು ನೆಪ ಹುಡುಕುತ್ತೇವೆ. ಭಾಷಣ ಮಾಡಿದವರಿಗೆ ಹಾರ ಹಾಕುತ್ತೇವೆ, ಭಾಷಣ ಬಿಗಿದವರನ್ನು ದಾರಿಯುದ್ದಕ್ಕೂ ಆಡಿಕೊಳ್ಳುತ್ತೇವೆ. ಮುತ್ತಿನಂಥ ಮಾತಾಡಿದರು ಎಂದರೆ ಹೊಗಳಿಕೆ, ಆಣಿಮುತ್ತು ಉದುರಿಸಿದರು ಎಂದರೆ ಕುಹಕ. ಕೊರೆಯುವುದು, ಕುಯ್ಯುವುದು ಎಂಬ ಮಾತುಗಳಂತೂ ನಾಮಪದದ ಹಂಗನ್ನೇ ತೊರೆದಿವೆ. ಏನನ್ನು ಕೊರೆದರು ಎಂದು ಯಾರೂ ಕೇಳುವುದಿಲ್ಲ, ಕೇಳುಗನ ತಲೆಯನ್ನು ಎಂಬುದು ಎಲ್ಲರಿಗೂ ಗೊತ್ತು. ವೇದಾಂತದ ವಿಷಯ ಸ್ವಲ್ಪ ಬೇರೆ. ಅಲ್ಲಿ 'ಹೇಳು' ಎಂಬ ಸಾದಾ ಕ್ರಿಯಾಪದವೇ ಸಾಕಾಗುತ್ತದೆ, ಏಕೆಂದರೆ ಚುಚ್ಚುವುದು ಸಂದರ್ಭ: ತೀರಾ ಅಗತ್ಯಕ್ಕೆ ಸಾಲ ಕೇಳಲು ಬಂದವನನ್ನು ಕೂರಿಸಿಕೊಂಡು ಹಣದ ನಶ್ವರತೆಯನ್ನು ವಿವರಿಸುವವನಿಗೆ, "ನನಗೆ ವೇದಾಂತ ಹೇಳಬೇಡ" ಎಂಬ ಉತ್ತರವಲ್ಲದೆ ಇನ್ನಾವುದು ಒಪ್ಪೀತು?

ಈ ಸಾಲಿನಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ತೋರುವುದು 'ಕಿವಿಮಾತು'. ಅದು ಹತ್ತಿರದವರು ಹತ್ತಿರದವರಿಗೆ, ಮೂರನೆಯವರಿಗೆ ಕೇಳದಂತೆ ಹೇಳುವ ಮಾತು. ತಪ್ಪು ಮಾಡಲಿರುವವನ ಮಾನವನ್ನೂ ಕಾಪಾಡಿ ಅವನನ್ನು ತಿದ್ದುವ ಬಗೆ. ಇಂದು ಪತ್ರಿಕೆಗಳ ಸಭಾವರದಿಗಳನ್ನು ನೋಡಿ. ಮುಖ್ಯ ಅತಿಥಿಗಳು ಮೈದಾನದ ತುಂಬ ನೆರೆದ ವಿದ್ಯಾರ್ಥಿಗಳ ಮುಂದೆ, ಧ್ವನಿವರ್ಧಕದಲ್ಲಿ, ಸಮಯ ಅಮೂಲ್ಯವಾದದ್ದು ಎಂದು ಗಂಟೆಗಟ್ಟಲೆ ಸಾರಿರುತ್ತಾರೆ. ಮರುದಿನ ಅಚ್ಚಾಗುವುದು ಮಾತ್ರ "ಕಿವಿಮಾತು ಹೇಳಿದರು" ಎಂದೇ. ಇಂದಿನ ಮಕ್ಕಳೇ ನಾಳಿನ ಪ್ರಜೆಗಳು ಎಂಬುದು ಇಂಥ ಕಿವಿಮಾತುಗಳಲ್ಲಿ ಹಿರಿಯದು. ಅದನ್ನು ಕೇಳಿಸಿಕೊಂಡ ಮಕ್ಕಳು ಬೆಳೆದು, ಅತಿಥಿಗಳಾಗಿ, ಅದೇ ವೇದಿಕೆಯಿಂದ ಅದನ್ನೇ ಹೇಳುತ್ತಿದ್ದಾರೆ.

ಹಾಗೆ ಬಳಸಿ ಬಳಸಿ ಬಳಲಿದ ಮಾತುಗಳಿಗೂ ಹೆಸರಿಡುವಲ್ಲಿ ಕನ್ನಡ ಜಿಪುಣತನ ತೋರಿಲ್ಲ, ಮತ್ತು ಈ ಹೆಸರುಗಳು ಒಂದಕ್ಕೊಂದು ಪರ್ಯಾಯವೂ ಅಲ್ಲ. ಸವಕಲು ಮಾತು ಎಂದಾಗ, ಹಲವರ ಕೈ ದಾಟಿ ಮುದ್ರೆ ಅಳಿಸಿಹೋದ ನಾಣ್ಯ ಕಣ್ಣೆದುರು ಬರುತ್ತದೆ. ಅಲ್ಲಿ ಚಲಾವಣೆಯೇ ಕೇಡು. ಹಳಸಲು ಮಾತಿನಲ್ಲಾದರೋ ಕಾಲದ ತಪ್ಪಿದೆ: ಹೊತ್ತಿಗೆ ಸರಿಯಾಗಿ ಆಡಿದ್ದರೆ ಅದೇ ಮಾತು ರುಚಿಸುತ್ತಿತ್ತು. ಎಂಜಲು ಮಾತು ಇನ್ನೊಬ್ಬರ ಬಾಯಿಂದ ಬಂದದ್ದು. ಚರ್ವಿತಚರ್ವಣ, ಪಿಷ್ಟಪೇಷಣ ಎಂಬ ಸಂಸ್ಕೃತದ ಜೋಡಿ ಅಗಿದದ್ದನ್ನೇ ಅಗಿಯುವ, ಹಿಟ್ಟನ್ನೇ ಬೀಸುವ ಶ್ರಮವನ್ನು ಹೇಳುತ್ತದೆ. ವಿಮರ್ಶಕರಿಗೆ ಇವು ಪ್ರಿಯವಾಗಿ, ಈಚೆಗೆ ತಾವೇ ಸವಕಲಾಗಿವೆ. ಗಿಳಿಪಾಠದಲ್ಲಿ ಅರ್ಥವಾಗದೆ ಒಪ್ಪಿಸುವ ಮುಗ್ಧತೆಯಿದೆ. ಆದರೆ "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎನ್ನುವಾಗ ಜನ ಹಾಡನ್ನು ಬೈಯುತ್ತಿಲ್ಲ, ಹಾಡುವವನ ಬಾಯನ್ನೇ ತೋರಿಸುತ್ತಿದ್ದಾರೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಬಳಕೆಯಿಂದ ಮಾತು ಸವೆಯುವುದೇ ನಿಜವಾದರೆ, ಎಲ್ಲಕ್ಕಿಂತ ಹೆಚ್ಚು ಬಳಕೆಯಾದ ಗಾದೆ ಏಕೆ ಸವೆದಿಲ್ಲ? ಗಾದೆಯನ್ನು ಯಾರೂ ಸುಮ್ಮಸುಮ್ಮನೆ ಹೇಳುವುದಿಲ್ಲ. ಎದುರಿಗೆ ಒಂದು ಜಗಳ, ಒಂದು ನಷ್ಟ, ಒಬ್ಬ ಜಂಬದವನು ಇರಲೇಬೇಕು. "ಮಾತು ಬಲ್ಲವನು ಮಾಣಿಕ್ಯ ತಂದ" ಎಂಬುದೂ ನಮ್ಮದೇ, "ಮಾತು ಬೆಳ್ಳಿ, ಮೌನ ಬಂಗಾರ" ಎಂಬುದೂ ನಮ್ಮದೇ. ಯಾವುದನ್ನು ಯಾವಾಗ ಎತ್ತಬೇಕೆಂಬ ವಿವೇಚನೆ ಆಡುವವನದು. ಆ ವಿವೇಚನೆಗೆ ಕೆಲಸವಿಲ್ಲದ ಕಡೆ ಗಾದೆಯೂ ಸಾಯುತ್ತದೆ. ಶಾಲಾ ಪರೀಕ್ಷೆಯಲ್ಲಿ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂಬ ಪ್ರಶ್ನೆಗೆ, ಕೊಟ್ಟ ಗಾದೆ ಯಾವುದೇ ಇರಲಿ, "ಗಾದೆಗಳು ವೇದಕ್ಕೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂಬ ಪೀಠಿಕೆಯಿಂದಲೇ ಉತ್ತರ ಆರಂಭವಾಗುವುದನ್ನು ಬಲ್ಲಿರಿ. ವೇದಕ್ಕೇ ಸವಾಲೆಸೆಯುವ ಆ ಎದೆಗಾರಿಕೆಯ ಮಾತು ಅಂಕ ಗಳಿಸುವ ಒಕ್ಕಣೆಯಾಗಿದೆ, ಅದರಲ್ಲಿರುವ ಉದ್ಧಟತನ ಮಕ್ಕಳಿಗೂ ಕಾಣುವುದಿಲ್ಲ, ಮೌಲ್ಯಮಾಪಕರಿಗೂ ಕಾಣುವುದಿಲ್ಲ.

ಸಂದರ್ಭದಿಂದ ಕತ್ತರಿಸಿದ ಮಾತಿಗೆ ಏನಾಗುತ್ತದೆ ಎಂಬುದಕ್ಕೆ 'ಕಾಯಕವೇ ಕೈಲಾಸ'ಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಕಚೇರಿಯ ಗೋಡೆಗಳ ಮೇಲೆ ಅದು ದೂರದೆ ದುಡಿಯಿರಿ ಎಂಬ ಸೂಚನೆಯಂತೆ ತೂಗುತ್ತಿರುತ್ತದೆ, ಅನೇಕ ಕಡೆ ಬಸವಣ್ಣನವರ ಹೆಸರಿನಲ್ಲಿ. ಅದು ಬರುವುದು 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮನು ಮುಂದೆ ನಿಂತಿದ್ದರೂ ಹಂಗು ಹರಿದುಕೊಳ್ಳಬೇಕು ಎಂದು ಹೇಳಿದ ಮೇಲೆ, ಅದಕ್ಕೆ ಕಾರಣವಾಗಿ ಅವನು ಕೊಡುವ ಮಾತದು. ಗುರು, ಲಿಂಗ, ಜಂಗಮವೇ ಸರ್ವಸ್ವವೆಂದು ನಂಬಿದವರ ನಡುವೆ ನಿಂತು ಒಬ್ಬ ಬಡವ ಹೀಗೆ ನುಡಿದನೆಂಬುದನ್ನು ನೆನೆದರೆ ಮೈ ನಡುಗಬೇಕು. ಗೋಡೆಗೆ ಬರುವಾಗ ಆ ಮೂರು ಸಾಲುಗಳು ಕಳಚಿಕೊಂಡವು, ಹೇಳಿದವನ ಹೆಸರೂ ಕಳಚಿಕೊಂಡಿತು. ಹಂಗು ಹರಿಯಲು ಹುಟ್ಟಿದ ಮಾತನ್ನು ಈಗ ಮೇಲಧಿಕಾರಿಗಳು ಕೆಳಗಿನವರಿಗೆ ಹೇಳುತ್ತಾರೆ.

ಮಾರಯ್ಯನ ಮಡದಿ ಲಕ್ಕಮ್ಮನ ವಚನಕ್ಕೂ ಇದೇ ಗತಿಯಾಗುತ್ತಿದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನೆಂದು ಪರಂಪರೆ ಹೇಳುತ್ತದೆ. ಆಸೆಯೆಂಬುದು ಅರಸನಿಗಲ್ಲದೆ ಶಿವಭಕ್ತರಿಗುಂಟೆ ಎಂದು ಶುರುವಾಗುವ ಆಕೆಯ ಮಾತಿನ ಆ ಮೊದಲ ಸಾಲು ಇಂದು ಸುಭಾಷಿತದ ಪಟ್ಟಿಗಳಲ್ಲಿ ಓಡಾಡುತ್ತಿದೆ. ಅದು ನಿಜಕ್ಕೂ ಏತಕ್ಕೆ ಹುಟ್ಟಿತೆಂಬುದನ್ನು ತಿಳಿಸುವುದು ಅದೇ ವಚನದಲ್ಲಿ ಬರುವ "ಈಸಕ್ಕಿಯಾಸೆ ನಿಮಗೇಕೆ?" ಎಂಬ ಚಿಕ್ಕ ಪ್ರಶ್ನೆ. ಅವಳು ಲೋಕಕ್ಕೆ ಉಪದೇಶ ಮಾಡಲು ಹೊರಟವಳಲ್ಲ; ಗಂಡ ತಂದ ಆ ದಿನದ ಹೆಚ್ಚಿನ ಅಕ್ಕಿಯನ್ನು ಮರಳಿಸಬೇಕಿತ್ತು, ಅದಕ್ಕಾಗಿ ಅವನೊಬ್ಬನಿಗೆ, ಹೆಸರು ಹಿಡಿದು ಹೇಳಿದಳು.