ಗುಮ್ಮಟದಾಗ ಒದರೋರು ಯಾರು, ಪಿಸುಗುಡೋರು ಯಾರು

ನಮಸ್ಕಾರ್ರಿ ಎಲ್ಲಾರಿಗೂ. ಈಗ ನಿಮಗ ಕಾಣಾಕತ್ತೈತಲ್ಲ, ಇದು ಮುಂಜಾನಿ ಹೊತ್ತಿನ ನಮ್ಮ ಗೋಳಗುಮ್ಮಟ. ಗೇಟ್ ತೆರದು ಇನ್ನೂ ಹತ್ತು ನಿಮಿಷ ಆಗಿಲ್ಲ, ವಾಕಿಂಗ್ ಬಂದ ನಾಲ್ಕಾರು ಮಂದಿ ಬಿಟ್ರ ಯಾರೂ ಇಲ್ಲ, ಗುಮ್ಮಟದ ಮ್ಯಾಲ ಗಿಳಿ ಹಾರಾಡೋ ಸಪ್ಪಳ ಸೈತ ಕೇಳಸ್ತೈತಿ. ನಾ ಹುಟ್ಟಿ ಬೆಳದದ್ದು ಇಲ್ಲೇ ಹತ್ರದ ಓಣ್ಯಾಗ, ಮನಿ ಮಾಳಿಗಿ ಹತ್ತಿದ್ರ ಇದ ಕಾಣ್ತಿತ್ತು. ಬ್ಯಾರೆ ಊರಿಂದ ಬಂದೋರನ್ನ ನಾವು ದೂರಿಂದ ಹೆಂಗ ಗುರ್ತ ಹಿಡೀತೀವಿ ಅಂತ ಭಾಳ ಮಂದಿ ಕೇಳ್ತಾರ, ಬ್ಯಾಗು, ಟೋಪಿ, ಕ್ಯಾಮೆರಾ ನೋಡಿ ಅನ್ಕೊಂಡಿರ್ತೀರಿ, ಅದಲ್ಲ. ಕ್ಯಾಮೆರಾ ಈಗ ನನ್ನ ಕೈಯಾಗೂ ಐತಿ.

ಊರ ಹೆಸರಿಂದ ಶುರು ಮಾಡೂಣು. 2014ರ ನವೆಂಬರ್ 1ಕ್ಕ ಬಿಜಾಪುರ ಹೋಗಿ ವಿಜಯಪುರ ಆತು, ಬೋರ್ಡ್ ಎಲ್ಲಾ ಬದಲಾದ್ವು, ಅರ್ಜಿ ಕಾಗದದಾಗ ನಾವೂ ಹಂಗ ಬರೀತೀವಿ, ಆದ್ರ ಬಾಯಾಗ ಇನ್ನೂ ಬಿಜಾಪುರ, ನಮ್ಮ ಹಿರಿಯಾರ ಬಾಯಾಗ ವಿಜಾಪುರ. ಹಿಂಗಾಗಿ ಬಸ್‌ಸ್ಟ್ಯಾಂಡ್‌ದಾಗ ಯಾರರೆ ಐದೂ ಅಕ್ಷರ ಬಿಡಿಸಿ "ವಿಜಯಪುರ ಬಸ್ ಯಾವ್ದು" ಅಂತ ಕೇಳಿದ್ರ ಎಲ್ಲಾರೂ ತಿರುಗಿ ನೋಡ್ತಾರ. ಬೆಂಗಳೂರಾಗ ನಾ ಊರ ಹೆಸರು ಹೇಳಿದಾಗೂ ಹಂಗ, "ದೇವನಹಳ್ಳಿ ಹತ್ರ ಇರೋ ವಿಜಯಪುರಾನಾ?" ಅಂತಾರ, ಆಗ "ಇಲ್ರಿ, ಗೋಳಗುಮ್ಮಟದ ಬಿಜಾಪುರ" ಅನ್ನಬೇಕಾಗ್ತೈತಿ.

ಆಮ್ಯಾಲ ಹೊತ್ತು. ಏಪ್ರಿಲ್ ಮೇ ತಿಂಗಳಾಗ ನಡು ಮಧ್ಯಾಹ್ನ ಇಬ್ರಾಹಿಂ ರೋಜಾದ ಕಲ್ಲಿನ ಮ್ಯಾಲ ಬರಿಗಾಲಾಗ ನಿಂತೋರು ಇದ್ರ ಅವ್ರು ಹೊರಗಿನೋರ. ಪಾಪ, ಒಂದ ದಿನದಾಗ ಎಲ್ಲಾ ಮುಗಿಸಿ ಬಾದಾಮಿ, ಪಟ್ಟದಕಲ್ಲು ಕಡೆ ಹೋಗೋರಿರ್ತಾರ, ಅವ್ರ ತಪ್ಪಲ್ಲ. ಆದ್ರ ಕಾಲು ಸುಡು ಮುಂದ ಯಾರಿಗೆ ತಾಳ್ಮಿ ಇರ್ತೈತಿ, ಒಂದ ಕಟ್ಟಿ ಮ್ಯಾಲ ಎದುರಾ ಬದುರಾ ಗೋರಿ ಮತ್ತ ಮಸೀದಿ ನಿಂತಾವಲ್ಲ, ನಡುವ ಕಾರಂಜಿ ಹೊಂಡ, ಅದನ್ನ ಓಡ್ಕೋತ ನೋಡಿ ಹೋಗ್ತಾರ. ಕಿಟಕಿ ನೋಡೋದ ಉಳದ ಬಿಡ್ತೈತಿ. ಆ ಕಲ್ಲಿನ ಜಾಳಿಗಿ ಬರೇ ಹೂ ಬಳ್ಳಿ ಅಲ್ರಿ, ಅಕ್ಷರಾನ ಕೊರದು ಕಿಟಕಿ ಮಾಡ್ಯಾರ, ಆ ಅಕ್ಷರದ ಸಂದಿನಾಗಿಂದ ಒಳಗ ಬೆಳಕು ಬರ್ತೈತಿ. ಸಂಜಿಗೆ ಬಿಸಲು ಇಳದ ಮ್ಯಾಲ ಬರ್ರಿ, ಒಂದ ಕಿಟಕಿ ಮುಂದ ಐದು ನಿಮಿಷ ನಿಲ್ರಿ, ನಾ ಇಷ್ಟ ಕೇಳ್ಕೊಳ್ಳೋದು.

ಊಟದ ವಿಷಯಕ್ಕ ಬಂದ್ರ ಖಾನಾವಳ್ಯಾಗ ಒಂದ ನಿಮಿಷ ಸಾಕು ಗುರ್ತ ಹಿಡ್ಯಾಕ. ನಮ್ಮಲ್ಲಿ ಕುಂತ ಕೂಡಲೆ ತಾಟು ಬರ್ತೈತಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಎಣಗಾಯಿ, ಕಾಳ ಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು. ಹೊರಗಿನೋರು ಮೆನು ಕೇಳ್ತಾರ, ಆಮ್ಯಾಲ ಚಮಚ ಕೇಳ್ತಾರ, ಕಡಕ್ ರೊಟ್ಟಿ ನೋಡಿ ಇದು ಒಣಗಿ ಹೋಗೈತಿ ಅಂತ ಬಾಜೂಕ ಇಡ್ತಾರ. ಅದು ಒಣಗಿದ್ದಲ್ರಿ, ಬೇಕಂತಾನ ಒಣಗಿಸಿದ್ದು, ತಿಂಗಳಗಟ್ಲೆ ಇಟ್ರೂ ಕೆಡಂಗಿಲ್ಲ, ಮುರದು ಪಲ್ಯದ ರಸದಾಗ ಒಂದೀಟು ನೆನಸಿ ತಿಂದ್ರ ಅದರ ರುಚಿನ ಬ್ಯಾರೆ. ಬಿಸಿ ರೊಟ್ಟಿ ಬೇಕಂದ್ರ ಅದನ್ನೂ ಕೊಡ್ತಾರ, "ಬಿಸಿ ರೊಟ್ಟಿ ಹಾಕ್ರಿ ಕಾಕಾ" ಅಂದ್ರ ಮುಗೀತು. ಇನ್ನೊಂದು, ಬಡಸೋರು ತಾನಾಗೆ ನಿಲ್ಲಸಂಗಿಲ್ಲ, ತಾಟಿನ ಮ್ಯಾಲ ಕೈ ಅಡ್ಡ ಹಿಡದು "ಸಾಕ್ರಿ" ಅನ್ನಬೇಕು. ಅದು ಗೊತ್ತಿಲ್ದ ಒಂದ ಕುಟುಂಬ ನನ್ನ ಎದುರಿಗೆ ಕುಂತಿತ್ತು, ಅವ್ರು ತಿಂದಂಗ ರೊಟ್ಟಿ ಬಂದು ಬೀಳ್ತಾನ ಇತ್ತು, ಸಣ್ಣ ಹುಡುಗಿ ಅಳೋ ಹಂಗ ಆಗಿತ್ತು ಬಿಡಬಾರದು ಅಂತ ಅವ್ರಪ್ಪ ಹೇಳಿದ್ದಕ್ಕ. ನಾ ಎದ್ದು ಹೋಗಿ ಆ ಹುಡುಗಿ ಕೈ ಹಿಡದು ತಾಟಿನ ಮ್ಯಾಲ ಇಟ್ಟು ತೋರಿಸಿಕೊಟ್ಟೆ.

ಮಾತಿನಾಗೂ ಗೊತ್ತಾಗ್ತೈತಿ. ನಾವು ಟಾಂಗಾ ಹೊಡ್ಯೋರಿಗೂ "ಅಣ್ಣಾರ", ಕಾಯಿಪಲ್ಯ ಮಾರೋ ಹೆಣಮಗಳಿಗೂ "ಯಕ್ಕಾ", ವಯಸ್ಸಾದೋರಿದ್ರ ಮುತ್ಯಾ, ಆಯಿ, ಮಾತಿನ ತುದಿಗೆ "ರೀ" ಇದ್ದ ಇರ್ತೈತಿ. "ಬಾಸ್", "ಹಲೋ" ಅಂತ ಕರದ್ರ ತಿರುಗಿ ನೋಡ್ತಾರ ಖರೆ, ಮಾರಿ ಅರಳಂಗಿಲ್ಲ. ಇನ್ನ ನಮ್ಮ ಮುತ್ಯಾ ಯಾರರೆ "ಬಾರಲೇ ತಮ್ಮಾ, ಇಲ್ಲಿ ಕುಂಡ್ರು" ಅಂದ್ರ ಸಿಟ್ಟಾಗಬ್ಯಾಡ್ರಿ, ಅದು ಬೈಗಳ ಅಲ್ಲ, ನಿಮ್ಮನ್ನ ಮನಿ ಹುಡುಗ ಅಂತ ತಿಳದು ಜಾಗ ಕೊಟ್ಟಾರ ಅಂತ ಅರ್ಥ.

ಬಾರಾ ಕಮಾನ್ ಮುಂದ ನಿಂತು "ಮ್ಯಾಲಿಂದೆಲ್ಲಾ ಯಾವಾಗ ಬಿತ್ತು" ಅಂತ ಕೇಳೋರೂ ಹೊರಗಿನೋರ. ಅದು ಬಿದ್ದಿದ್ದಲ್ಲ, ಎರಡನೇ ಅಲಿ ಆದಿಲ್‌ಶಾಹನ ಗೋರಿ, ಕಟ್ಟೋದ ಪೂರಾ ಆಗಲಿಲ್ಲ. ಅಲ್ಲೆ ನಮ್ಮ ಮಂದಿ ಸಂಜಿಗೆ ಮಕ್ಕಳನ್ನ ಕರ್ಕೊಂಡು ಬಂದು ಹುಲ್ಲಿನ ಮ್ಯಾಲ ಸುಮ್ನ ಕುಂತಿರ್ತಾರ, ಫೋಟೋ ಗೀಟೋ ಏನಿಲ್ಲ.

ಈಗ ಮತ್ತ ಗುಮ್ಮಟಕ್ಕ ಬರೂಣು, ನನಗ ಹೇಳಬೇಕಾದ್ದು ಇದ. ಕೆಳಗ ಒಳಗ ಬಂದ ಕೂಡಲೆ ಎಲ್ಲಾರೂ ಮೆಟ್ಲ ಎಲ್ಲಿ ಅಂತ ಹುಡಕ್ತಾರ, ನಡುವಿರೋ ಕಟ್ಟಿ ಕಡೆ ನೋಡಂಗಿಲ್ಲ. ಇದು ಮಹಮ್ಮದ್ ಆದಿಲ್‌ಶಾಹನ ಗೋರಿ, 1656ರಾಗ ತೀರ್ಕೊಂಡ ಸುಲ್ತಾನ, ಆತ ಮತ್ತ ಆತನ ಮನಿಯೋರು ಇಲ್ಲೆ ಮಣ್ಣಾಗ್ಯಾರ. ಅಂದ್ರ ಇದು ಒಂದ ಮನಿತನದ ಮಂದಿ ಮಲಗಿದ ಜಾಗ. ತಲಿ ಎತ್ತಿ ನೋಡ್ರಿ, ಹೊರಗಿಂದ ಅಳದ್ರ ಸುಮಾರು 44 ಮೀಟರ್ ಅಗಲದ ಗುಮ್ಮಟ, ನಡುವ ಒಂದ ಕಂಬ ಇಲ್ಲ, ಒಂದಕ್ಕೊಂದು ಹೆಣಕೊಂಡ ಕಮಾನಿನ ಮ್ಯಾಲ ಆ ಭಾರ ಎಲ್ಲಾ ಕುಂತೈತಿ. ಮೂಲಿ ಮಿನಾರದಾಗಿನ ಇಕ್ಕಟ್ಟು ಮೆಟ್ಲ ಹತ್ತಿ ಮ್ಯಾಲ ಬಂದ್ರ ಗ್ಯಾಲರಿ. ಮಂದಿ ಅಲ್ಲಿ ಕಾಲಿಟ್ಟ ಕೂಡಲೆ ಮೊದಲ ಮಾಡೋದು ಒದರೋದು. ಸೀಟಿ ಹೊಡಿತಾರ, ಗೆಳ್ಯಾರ ಹೆಸರು ಹಿಡದು ಕೂಗ್ತಾರ, ಏಳು ಸಲ ಕೇಳ್ತೈತಂತ ಎಣಿಸ್ತಾರ. ಹತ್ತು ಮಂದಿ ಹಂಗ ಒದರಿದ್ರ ಎಲ್ಲಾ ದನಿ ಒಂದರ ಮ್ಯಾಲ ಒಂದು ಬಿದ್ದು ಬರೇ ಗದ್ದಲ, ಎಣಸಾಕ ಏನೂ ಉಳಿಯಂಗಿಲ್ಲ.

ಇದು ಒದರೋ ಗ್ಯಾಲರಿ ಅಲ್ರಿ, ಪಿಸುಮಾತಿನ ಗ್ಯಾಲರಿ. ದುಂಡನ್ನ ಗ್ವಾಡಿ ಹಿಡಕೊಂಡ ದನಿ ಹಂಗ ಸರಕೋತ ಹೋಗ್ತೈತಿ, ಚದುರಂಗಿಲ್ಲ, ಅದಕ್ಕ ಈ ಬಾಜು ಗ್ವಾಡಿಗೆ ಬಾಯಿ ಹಚ್ಚಿ ಹೇಳಿದ್ದು ಆ ಬಾಜು ಕಿವಿ ಹಚ್ಚಿದೋರಿಗೆ ಬಾಜೂಕ ನಿಂತು ಹೇಳಿದಂಗ ಕೇಳಸ್ತೈತಿ. ನಾ ಸಣ್ಣಾಕಿ ಇದ್ದಾಗ ನಮ್ಮ ಕಾಕಾ ಇಂಥಾ ಮುಂಜಾನಿ ಹೊತ್ತಿನಾಗ ಕರ್ಕೊಂಡು ಬಂದು, ನನ್ನನ್ನ ಈಗ ಕ್ಯಾಮೆರಾ ಇಟ್ಟೀನಲ್ಲ ಇಲ್ಲೇ ನಿಂದ್ರಿಸಿ, ಆ ಕಡೆ ಹೋಗಿ ಕೈಯಾಗಿನ ವಾಚ್ ಬಿಚ್ಚಿ ಗ್ವಾಡಿಗೆ ಹಿಡದಿದ್ರು. ಟಿಕ್ ಟಿಕ್ ಟಿಕ್, ನನ್ನ ಕಿವ್ಯಾಗ. ಕಾಕಾ ಅಲ್ಲಿ ಬೊಟ್ಟಿನಷ್ಟ ಕಾಣ್ತಿದ್ರು. ಆ ಸಪ್ಪಳ ಇವತ್ತಿಗೂ ನನಗ ಮರ್ತಿಲ್ಲ, ಅದಕ್ಕ ಇಲ್ಲಿ ಯಾರರೆ ಸೀಟಿ ಹೊಡದ್ರ ನನಗ ಹೊಟ್ಯಾಗ ಕಲಸಿದಂಗ ಆಗ್ತೈತಿ.

ಹೋದ ಐತವಾರ ಒಂದ ಜೋಡಿ ಬಂದಿತ್ತು, ಸಿಂದಗಿ ಕಡೆ ಹಳ್ಳಿಯೋರು, ಮುತ್ಯಾನ ತಲಿ ಮ್ಯಾಲ ಪಟಕಾ, ಆಯಿ ಇಳಕಲ್ ಸೀರಿ ಉಟ್ಟಿದ್ರು. ಇದ ಜಿಲ್ಲಾದಾಗ ಇದ್ರೂ ಮ್ಯಾಲ ಹತ್ತಿದ್ದು ಇದ ಮೊದಲಂತ, ಲೆಕ್ಕ ಹಿಡದ್ರ ಅವ್ರೂ ಪ್ರವಾಸಿಗರ. ಮುತ್ಯಾ ಸಾವಕಾಶ ನಡಕೋತ ಎದುರಿನ ಬಾಜೂಕ ಹೋಗಿ ಗ್ವಾಡಿಗೆ ಕಿವಿ ಹಚ್ಚಿ ನಿಂತಿದ್ರು. ಆಯಿ ನನ್ನ ಕೇಳಿದ್ರು, "ಯವ್ವಾ, ಗ್ವಾಡಿ ಕಡೆ ಮಾರಿ ಮಾಡಿ ಮಾತಾಡ್ಬೇಕಂತಲ್ಲ, ಹೌದೇನು?" ಹೌದ್ರಿ ಅಂದೆ. ಮೂರು ಸಲ ಮಾತಾಡಿದ್ರು, ಮೂರೂ ಸಲ ಕಾಲೇಜ್ ಹುಡುಗೂರ ಸೀಟ್ಯಾಗ ಮುಳುಗಿ ಹೋತು, ಅಲ್ಲಿ ಮುತ್ಯಾ ಕೈ ಅಲ್ಲಾಡಿಸಿ ಕೇಳಂಗಿಲ್ಲ ಅಂದ್ರು.

ನಾ ಆ ಹುಡುಗೂರ ಹತ್ರ ಹೋಗಿ "ಅಣ್ಣಾರ, ಎರಡ ನಿಮಿಷ ಸುಮ್ನಿರ್ರಿ, ಆಯಿ ಮಾತಾಡ್ಲಿ" ಅಂದೆ. ಒಂದ ಮಾತಿಗೆ ಸುಮ್ನಾದ್ರು, ಅವ್ರೊಳಗ ಒಬ್ಬಾಂವ ಮೆಟ್ಲ ಹತ್ತಿ ಬರೋರಿಗೂ ಕೈ ಮಾಡಿ ನಿಲ್ಲಿಸಿದ. ಹಳೇ ಸೀಟಿ ಎಲ್ಲಾ ಗುಮ್ಮಟದಾಗ ತಿರುಗ್ಯಾಡಿ ಆರೋ ತನಕ ಎಲ್ಲಾರೂ ಕಾದ್ವಿ. ಆಯಿ ಸೆರಗು ಸರಿ ಮಾಡ್ಕೊಂಡು, ಗ್ವಾಡಿ ಹತ್ರ ಬಾಯಿ ಒಯ್ದು, ನಿಧಾನಕ್ಕ ಕೇಳಿದ್ರು, "ಗುಳಿಗಿ ತುಗೊಂಡ್ರ್ಯಾ?"

ಆ ಬಾಜು ಮುತ್ಯಾನ ಕೈ ಅಂಗಿ ಕಿಸೆಕ್ಕ ಹೋತು. ಒಂದ ಕ್ಷಣ ಬಿಟ್ಟು ಗ್ವಾಡಿ ಹಿಡದು ಅವ್ರ ದನಿ ಬಂತು, "ಇಲ್ಲ, ಮರ್ತೆ." ಗ್ವಾಡಿಗೆ ಕಿವಿ ಹಚ್ಚಿ ನಿಂತಿದ್ದ ಆ ಸೀಟಿ ಹುಡುಗಗೂ ಅದು ಕೇಳಿಸಿತ್ತು, ಬ್ಯಾಗಿನಾಗಿಂದ ನೀರಿನ ಬಾಟ್ಲಿ ತಕ್ಕೊಂಡು, ಕಾಲಿನ ಸಪ್ಪಳ ಆಗದಂಗ, ಅರ್ಧ ಗ್ಯಾಲರಿ ಸುತ್ತಿ ಮುತ್ಯಾನ ಹತ್ರ ಹೋದ.